ಬಸಕ್ಕನ ಗೆರೆ, ಶ್ಯಾಮಣ್ಣನ ಸುಣ್ಣ

ಲಗ್ಗೆರೆಯ ಹಿಂದುಗಡೆ, ರಾಜಕಾಲುವೆಗೆ ಬೆನ್ನು ಕೊಟ್ಟು ನಿಂತ ತಗಡು ಶೆಡ್ಡುಗಳಲ್ಲಿ ಬಸಕ್ಕನನ್ನು ಕೇಳದೆ ಯಾರೂ ಮಳೆಗೆ ಹೆದರುತ್ತಿರಲಿಲ್ಲ. ಮೋಡ ಕಟ್ಟಿದರೆ ಹೆಂಗಸರು ಆಕಾಶ ನೋಡುವ ಬದಲು ಬಸಕ್ಕನ ಮುಖ ನೋಡುತ್ತಿದ್ದರು. ಬಸಕ್ಕ ಸೆರಗು ಸಿಕ್ಕಿಸಿ ಕಾಲುವೆಯ ದಂಡೆಗೆ ಹೋಗಿ ತನ್ನ ಕೋಲು ನೋಡಿ ಬರುತ್ತಿದ್ದಳು. "ಏನಿಲ್ಲ, ಮಕ್ಕೋರ್ರಿ" ಅಂದರೆ ಎಲ್ಲರೂ ಮಲಗುತ್ತಿದ್ದರು.

ಕೋಲು ಅಂದರೆ ಕಬ್ಬಿಣದ ಸರಳು. ಪಕ್ಕದ ಶೆಡ್ಡಿನ ಯಮನೂರ ಕಟ್ಟಡ ಕೆಲಸದವನು. ಸೈಟಿನಿಂದ ಎತ್ತಿಕೊಂಡು ಬಂದು ಕೊಟ್ಟಿದ್ದ. ಬಸಕ್ಕ ಅದನ್ನು ಕಾಲುವೆಯ ಅಂಚಿಗೆ ಹುಗಿದು, ಎರಡು ಎತ್ತರದಲ್ಲಿ ಕೆಂಪು ಚಿಂದಿಯ ಗಂಟು ಹಾಕಿದ್ದಳು. ನೀರು ಕೆಳಗಿನ ಗಂಟು ಮುಟ್ಟಿದರೆ ಸಾಮಾನು ಎತ್ತಬೇಕು. ಮೇಲಿನ ಗಂಟು ಮುಟ್ಟಿದರೆ ಜನ ಏಳಬೇಕು.

ಇದು ಅವಳ ಸ್ವಂತ ವಿದ್ಯೆಯಲ್ಲ. ಮಲಪ್ರಭೆಯ ದಂಡೆಯ ಅವಳ ಊರಿನಲ್ಲಿ ಅಜ್ಜಿ ಮುತ್ತಜ್ಜಿಯರಿಂದ ಬಂದದ್ದು. ಹೊಳೆ ಏರತೊಡಗಿದರೆ ಹಿರಿಯ ಹೆಂಗಸೊಬ್ಬಳು ಜಾಲಿಯ ಕೋಲು ನೆಟ್ಟು ಗಂಟು ಕಟ್ಟಬೇಕು. ಆಮೇಲೆ ಹೊಳೆಗೆ ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಬಳೆ, ಕುಬಸದ ಖಣ ನೀರಿಗೆ ಬಿಟ್ಟು, "ಬಂದೀದಿಯವ್ವಾ, ಉಡಿ ತುಂಬಿಸ್ಕೊಂಡು ತಿರುಗಿ ಹೋಗು" ಅನ್ನಬೇಕು. ಹೊಳೆಯವ್ವ ಕೆಲವು ವರ್ಷ ಹೋಗುತ್ತಿದ್ದಳು, ಕೆಲವು ವರ್ಷ ಊರೊಳಗೇ ಬರುತ್ತಿದ್ದಳು. ಬಂದು ಹೋದ ಮೇಲೆ ಹನುಮಪ್ಪನ ಗುಡಿಯ ಗೋಡೆಗೆ, ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಗೆ, ಕೆಮ್ಮಣ್ಣಿನ ಗೆರೆ. ಊರಿನವರ ವಯಸ್ಸೂ ಆ ಗೆರೆಗಳ ಲೆಕ್ಕದಲ್ಲೇ ಇರುತ್ತಿತ್ತು. ಬಸಕ್ಕ ದೊಡ್ಡ ಗೆರೆಯ ವರ್ಷ ಹುಟ್ಟಿದವಳು.

ಹೊಳೆ ಹೇಳಿ ಬರುತ್ತದೆ ಅನ್ನುವುದು ಆ ಕಡೆಯ ನಂಬಿಕೆ. ನಂಬಿಕೆಯೇನು ಬಂತು, ಹಾಗೇ ಆಗುತ್ತಿತ್ತು. ಮೊದಲು ಮೇಲಿನ ಊರಿನವರು ಡ್ಯಾಮಿನ ನೀರು ಬಿಟ್ಟ ಸುದ್ದಿ ಹೇಳುತ್ತಿದ್ದರು. ಆಮೇಲೆ ಕಂದು ನೊರೆ, ಆಮೇಲೆ ತೇಲಿಬರುವ ಮುಳ್ಳುಕಂಟಿ, ಅದರ ಮೇಲೆ ಕೂತ ಹಾವು. ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ನೀರು ಏರುವಷ್ಟರಲ್ಲಿ ರೊಟ್ಟಿ ಬಡಿದು ಬುತ್ತಿ ಕಟ್ಟಿ, ಎಮ್ಮೆ ಬಿಚ್ಚಿ, ವಾರಗಿತ್ತಿಯ ಜೊತೆ ಒಂದು ಜಗಳವನ್ನೂ ಮುಗಿಸಬಹುದಿತ್ತು.

ಎರಡು ಸಾವಿರದ ಒಂಬತ್ತರಲ್ಲಿ ಹೊಳೆ ಗುಡಿಯ ಕಳಸಕ್ಕೇ ಗೆರೆ ಬರೆದು ಹೋಯಿತು. ಸರಕಾರ ಆ ಊರನ್ನು ಎತ್ತಿ ಕಲ್ಲುಗುಡ್ಡದ ಮೇಲೆ ಹೊಸ ಮನೆ ಕಟ್ಟಿಸಿತು. ಅಲ್ಲಿ ಹೊಳೆ ಬರುವುದಿಲ್ಲ, ನಿಜ. ಕುಡಿಯುವ ನೀರೂ ಬರುವುದಿಲ್ಲ. ಹೊಲ ಕೆಳಗೆ, ಮನೆ ಮೇಲೆ, ನಡುವೆ ಮೊಣಕಾಲು ಮುರಿಯುವ ದಾರಿ. ಗೋಡೆಗೆ ಕೈ ಇಟ್ಟರೆ ಸಿಮೆಂಟು ರವೆಯ ಹಾಗೆ ಉದುರುತ್ತಿತ್ತು. ಜನ ಬೀಗ ಹಾಕಿ ಕೆಳಗಿನ ಊರಿಗೇ ಇಳಿದರು. ಬಸಕ್ಕನೂ ಅವಳ ಗಂಡ ಭೀಮಪ್ಪನೂ ಇಳಿದರು. ಹತ್ತೊಂಬತ್ತರಲ್ಲಿ ಹೊಳೆ ಮತ್ತೆ ಬಂತು. "ನಿಮಗೆ ಮನೆ ಕೊಟ್ಟಾಗಿದೆ, ಇಲ್ಲಿ ಯಾಕಿದ್ದಿರಿ?" ಎಂದು ಅಧಿಕಾರಿಗಳು ಬೈದರು. ಭೀಮಪ್ಪ ಹೆಂಡತಿಯ ಕಡೆ ತಿರುಗಿ, "ಹೊಳಿ ಮುಂದಿದ್ರ ಸರಕಾರ ಬೈತೈತಿ, ಗುಡ್ಡದ ಮ್ಯಾಲಿದ್ರ ಹೊಟ್ಟಿ ಬೈತೈತಿ. ನಡಿ, ಎರಡೂ ಇಲ್ಲದಲ್ಲಿ ಹೋಗೂಣು" ಅಂದ. ಗಂಟು ಕಟ್ಟಿ ಬೆಂಗಳೂರಿನ ಬಸ್ಸು ಹತ್ತಿದರು. ಆ ವರ್ಷ ಆ ಬಸ್ಸಿನಲ್ಲಿ ಅರ್ಧ ಊರೇ ಇತ್ತು.

ಬೆಂಗಳೂರಿನಲ್ಲಿ ಅವರಿಗೆ ಸಿಕ್ಕಿದ್ದು ಶ್ಯಾಮಣ್ಣನ ಶೆಡ್ಡು. ಮೊಣಕಾಲಿನವರೆಗೆ ಇಟ್ಟಿಗೆ, ಅದರ ಮೇಲೆ ಸಿಮೆಂಟಿನ ಶೀಟು, ನೆತ್ತಿಗೆ ತಗಡು. ಶ್ಯಾಮಣ್ಣ ಆ ಜಾಗದ ಮೂಲ ಒಕ್ಕಲು. ಅವನ ಅಪ್ಪನ ಕಾಲಕ್ಕೆ ಅಲ್ಲಿ ಗದ್ದೆಯಿತ್ತು, ಮೇಲೆ ಕೆರೆಯಿತ್ತು, ಕೆರೆ ತುಂಬಿದರೆ ಕೋಡಿಯ ನೀರು ಆ ಗದ್ದೆಯ ಮೇಲೇ ಹರಿದು ಹೋಗುತ್ತಿತ್ತು. ಈಗ ಕೆರೆಯ ಜಾಗದಲ್ಲಿ ಗೋಡೌನುಗಳು, ಕೋಡಿಹಳ್ಳದ ಜಾಗದಲ್ಲಿ ಕಾಂಕ್ರೀಟಿನ ಕಾಲುವೆ, ಗದ್ದೆಯ ಜಾಗದಲ್ಲಿ ಬಾಗಲಕೋಟೆ, ಗದಗ, ರಾಯಚೂರು. ಶ್ಯಾಮಣ್ಣನ ಮೂರಂತಸ್ತಿನ ಮನೆ ಮಾತ್ರ ಹಳೆಯ ಊರಿನ ದಿಬ್ಬದ ಮೇಲಿತ್ತು. ನೀರಿನ ದಾರಿ ಗೊತ್ತಿದ್ದವರು ಮೇಲೆ, ಗೊತ್ತಿಲ್ಲದವರು ಕೆಳಗೆ. ಈ ದೇಶದಲ್ಲಿ ಜನ ಎಲ್ಲೆಲ್ಲಿ ಹೇಗೆ ಹಂಚಿಹೋಗಿದ್ದಾರೆ ಎಂದು ತಿಳಿಯಲು ದೊಡ್ಡ ಓದೇನೂ ಬೇಕಿಲ್ಲ. ಒಂದು ಮಳೆಗಾಲ ಆ ದಿಬ್ಬದ ಮೇಲೆ ನಿಂತರೆ ಸಾಕು.

ಭೀಮಪ್ಪ ಮಾದನಾಯಕನಹಳ್ಳಿಯ ಕಡೆ ಗೋಡೌನು ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದ. ಒಂದು ದಿನ ಸಾರವೆಯ ಬೊಂಬು ಜಾರಿ ಬಿದ್ದ. ಮೇಸ್ತ್ರಿ ಆಟೋದಲ್ಲಿ ಹಾಕಿ ಕಳಿಸಿದ, ಆಮೇಲೆ ಫೋನು ಎತ್ತಲಿಲ್ಲ. ಸೊಂಟದ ಕೆಳಗೆ ಜೀವ ಹೋಯಿತು, ಬಾಯಿಗೆ ಹೋಗಲಿಲ್ಲ. ಹೊರಸಿನ ಮೇಲೆ ಮಲಗಿಕೊಂಡೇ ಶೆಡ್ಡಿನ ಸಾಲನ್ನೆಲ್ಲ ಮಾತಾಡಿಸುತ್ತಿದ್ದ. ಬಸಕ್ಕ ಪೀಣ್ಯದ ಲೇತ್ ಅಂಗಡಿಯೊಂದರಲ್ಲಿ ಕಬ್ಬಿಣದ ಸುರುಳಿ ಗುಡಿಸುವ ಕೆಲಸ ಹಿಡಿದಳು. ಸಂಜೆ ಬಂದು ಅಂಗೈಗೆ ಚುಚ್ಚಿದ ಚೂರು ಕೀಳುತ್ತ ಕೂತರೆ ಭೀಮಪ್ಪ ರೇಗಿಸುತ್ತಿದ್ದ.

"ನಿನ್ನ ಕೋಲಿಗೆ ಸರಕಾರ ಪಗಾರ ಕೊಡಬೇಕು ನೋಡು. ಗಟಾರಕ್ಕೂ ಕಾವಲುಗಾರ್ತಿ ಇರಾಕಿ ನೀ ಒಬ್ಬಾಕೀನ."

"ಸುಮ್ನ ಮಕ್ಕೋ. ನೀರು ಬಂದ್ರ ನಿನ್ನ ಹೊತ್ತುಕೊಂಡು ಹೋಗಾಕಿ ನಾನಽ."

ಅದೇ ಅವಳ ಚಿಂತೆ. ಮಿಕ್ಕವರು ನೀರು ಬಂದರೆ ಓಡಬಹುದು. ಭೀಮಪ್ಪನನ್ನು ಮಾತ್ರ ಓಡುವ ಹೊತ್ತಿಗಿಂತ ಮುಂಚೆಯೇ ಎತ್ತಬೇಕು. ಯಾವಾಗ ಎತ್ತಬೇಕು ಅನ್ನುವುದನ್ನು ಕೋಲು ಹೇಳಬೇಕು.

ಒಂದು ಮಳೆಗಾಲದಲ್ಲಿ ನೀರು ಕೆಳಗಿನ ಗಂಟು ಮುಟ್ಟಿತ್ತು. ನೆರೆಮನೆಯ ಮಹಾನಂದಾ, ಯಮನೂರನ ಹೆಂಡತಿ, ಹೊರಸಿನ ಒಂದು ತುದಿ ಹಿಡಿದಳು, ಬಸಕ್ಕ ಇನ್ನೊಂದು ತುದಿ. ಇಬ್ಬರೂ ಭೀಮಪ್ಪನನ್ನು ದಿಬ್ಬ ಹತ್ತಿಸಿದರು. ಶ್ಯಾಮಣ್ಣನ ಹೆಂಡತಿ ಕೃಷ್ಣಮ್ಮ ತಾನಾಗಿ ಜಗುಲಿ ತೋರಿಸಿದಳು. ಭೀಮಪ್ಪನಿಗೆ ಉಚ್ಚೆಯ ಹತೋಟಿ ಇರಲಿಲ್ಲ, ಹೊರಸು ಒದ್ದೆಯಾಗಿ ಜಗುಲಿಯ ಮೇಲೆ ಹರಿಯಿತು. ಒಳಗಿನಿಂದ ಬಂದ ಶ್ಯಾಮಣ್ಣ ಮೂಗು ಹಿಡಿದುಕೊಂಡು ನಿಂತ.

"ಇದೇನ್ ಆಸ್ಪತ್ರೆಯಾ ಕೃಷ್ಣಿ? ಮನೇಗ್ ಬೀಗ್ರು ಬಂದವ್ರೆ. ಏನಮ್ಮೋ, ಎತ್ಕೊಂಡ್ ಓಗು ಮೊದ್ಲು. ಗಟಾರ ಅಲ್ಲೈತೆ ಅಂತ ಕೆಳಗೆ ಮಡಗಿದ್ರೆ, ಇಲ್ಲಿಗೇ ತಂದ್ರಲ್ಲಪ್ಪಾ!"

ಆ ದಿನ ನೀರು ಮೇಲಿನ ಗಂಟಿಗೆ ಬರಲಿಲ್ಲ, ಇಳಿಯಿತು. ಹೊರಸು ಕೆಳಗೆ ಬಂತು. ಅಷ್ಟು ಮಾತಾಡುವ ಭೀಮಪ್ಪ ಆ ಸಂಜೆ ಗೋಡೆಯ ಕಡೆ ತಿರುಗಿ ಮಲಗಿದ. ಬಸಕ್ಕ ರೊಟ್ಟಿ ಮುರಿದು ಬಾಯಿಗೆ ಇಟ್ಟಾಗ ಒಂದೇ ಮಾತು ಹೇಳಿದ: "ಸುಮ್ಸುಮ್ನ ಆ ಕಟ್ಟಿ ಹತ್ತಿಸಬ್ಯಾಡ. ನಿನ್ನ ಕೋಲು ಹೇಳಿದ್ರಷ್ಟ ಎತ್ತು."

ಮರುವರ್ಷದ ಸೆಪ್ಟೆಂಬರಿನ ಒಂದು ಭಾನುವಾರ. ಗಂಡಸರೆಲ್ಲ ತಾರಸಿಗೆ ಮೋಲ್ಡ್ ಹಾಕುವ ಕೆಲಸಕ್ಕೆ ಹೋಗಿದ್ದರು. ಲಗ್ಗೆರೆಯ ನೆತ್ತಿಯ ಮೇಲೆ ಬಿಸಿಲು. ಉತ್ತರಕ್ಕೆ ಮಾತ್ರ ಆಕಾಶ ಹಂಚಿನ ತಳದ ಹಾಗೆ ಕಪ್ಪಗಿತ್ತು. ಕೃಷ್ಣಮ್ಮ ಬಾಡಿಗೆದಾರರ ನಲ್ಲಿ ತಿರುಗಿಸಲು ಕೆಳಗೆ ಬಂದವಳು ಬಸಕ್ಕನ ಬಾಗಿಲಲ್ಲಿ ನಿಂತಳು.

"ಬಸಕ್ಕ, ಮ್ಯಾಗಡೆ ಜೋರ್ ಬತ್ತಾ ಐತೆ ಕಣಮ್ಮ. ಭೀಮಣ್ಣನ್ನ ಈಗ್ಲೇ ಮ್ಯಾಕ್ ಕರ್ಕೊಂಡ್ ಬಂದ್ಬಿಡು. ನಮ್ಮೆಜಮಾನ್ರು ಊರಲ್ಲಿಲ್ಲ, ನಾನ್ ನೋಡ್ಕೋತೀನಿ."

ಬಸಕ್ಕ ಗಂಡನ ಮುಖ ನೋಡಿದಳು. ಅವನು ತಗಡು ನೋಡುತ್ತಿದ್ದ. "ಇರ್ಲಿ ಬಿಡ್ರಿ ಅಮ್ಮಾರ. ಕೋಲು ನೋಡಿ ಬರ್ತೀನಿ" ಅಂದಳು. ಹೋಗಿ ನೋಡಿದಳು. ಕಾಲುವೆಯ ತಳದಲ್ಲಿ ಎಂದಿನ ಕರಿನೀರು ಎಳೆಎಳೆಯಾಗಿ ಹರಿಯುತ್ತಿತ್ತು. ಕೆಳಗಿನ ಗಂಟು ಒಣಗಿತ್ತು. ನೊರೆ ಇಲ್ಲ, ಕಂಟಿ ಇಲ್ಲ, ಹಾವಿಲ್ಲ. ನಿಜ ಹೇಳಬೇಕೆಂದರೆ ನೀರು ಎಂದಿಗಿಂತ ಕಡಿಮೆಯೇ ಇತ್ತು. ಹೊಳೆಯ ದಂಡೆಯವಳಿಗೆ ಅದು ಒಳ್ಳೆಯ ಸುದ್ದಿ. ಮೇಲೆ ಯಾರೋ ನೀರನ್ನು ತಡೆದು ನಿಲ್ಲಿಸಿದ್ದಾರೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಮಹಾನಂದಾ ಎಳೆಗೂಸನ್ನು ಟೊಂಕದ ಮೇಲೆ ಹಾಕಿಕೊಂಡು ಬಂದಳು. "ಯಕ್ಕಾ, ಮಾವನ್ನ ಒಯ್ಯೂಣೇನು? ಹೊರಸು ಹಿಡೀತೀನಿ."

"ಗಂಟು ಮುಟ್ಟಿಲ್ಲವಾ. ರೊಟ್ಟಿ ಬಡದ್ ಮುಗಸ್ತೀನಿ, ಆಮ್ಯಾಗ ನೋಡೂಣು."

ಬಸಕ್ಕ ಹಾಗಂದಳೆಂದು ಸಾಲಿನ ಮಿಕ್ಕ ಹೆಂಗಸರೂ ಒಲೆ ಹಚ್ಚಿದರು.

ಮೇಲೆ ಗೋಡೌನಿನವನೊಬ್ಬ ಹಳೆಯ ಕಟ್ಟಡದ ಮಣ್ಣು ಕಲ್ಲನ್ನೆಲ್ಲ ಕಾಲುವೆಗೆ ಸುರಿದು, ಲಾರಿ ತಿರುಗಿಸಲು ಜಾಗ ಮಾಡಿಕೊಂಡು, ಅಡ್ಡ ಒಂದು ಕಾಂಪೌಂಡು ಎಬ್ಬಿಸಿದ್ದ. ಉತ್ತರದಲ್ಲಿ ಸುರಿದ ಮಳೆಯೆಲ್ಲ ಅದರ ಹಿಂದೆ ನಿಂತಿತು. ನಿಂತು ನಿಂತು ಗೋಡೆ ಒಡೆಯಿತು. ಹೊಳೆಯಾಗಿದ್ದರೆ ಏರುತ್ತಿತ್ತು. ಇದು ಏರಲಿಲ್ಲ, ಗೋಡೆಯ ಹಾಗೆ ಎದ್ದು ನಡೆದು ಬಂತು. ಸದ್ದು ಕೇಳಿ ಬಸಕ್ಕ ಲಾರಿ ಮಗುಚಿತು ಅಂದುಕೊಂಡಳು. ತಲೆ ಎತ್ತುವಷ್ಟರಲ್ಲಿ ಬಾಗಿಲು ಒಳಗೆ ಬಿತ್ತು, ಒಲೆ ಆರಿತು, ಹಂಚು ರೊಟ್ಟಿಯ ಸಮೇತ ತೇಲಿತು. ಎಣ್ಣೆ, ಬಣ್ಣ, ಹೇಲು, ಥರ್ಮಾಕೋಲು ಎಲ್ಲ ಕೂಡಿದ ನೀರು ಎದೆಗೆ ಬಂತು.

ಹೊರಸು ಮೊದಲು ತೇಲಿತು. ಭೀಮಪ್ಪ ಅದರ ಅಂಚು ಹಿಡಿದು, "ಬಸೀ, ಬಾಗಲಾ ತೆಗಿ!" ಅಂದ. ತೆಗೆಯಲು ಬಾಗಿಲು ಎಲ್ಲಿತ್ತು? ಬಸಕ್ಕ ಅವನ ಅಂಗಿ ಹಿಡಿದಳು. ಹಳೆಯ ಅಂಗಿ, ತೋಳು ಅವಳ ಕೈಯಲ್ಲಿ ಉಳಿಯಿತು. ನೀರು ಅವಳನ್ನು ಗೋಡೆಯ ಶೀಟಿನ ಜೊತೆಗೇ ಹೊರಗೆ ಎಳೆದು ಕರೆಂಟು ಕಂಬಕ್ಕೆ ಬಡಿಯಿತು. ಕಂಬ ತಬ್ಬಿಕೊಂಡು ನೋಡಿದರೆ ಮಹಾನಂದಾ ಕೂಸನ್ನು ತಲೆಯ ಮೇಲೆ ಎತ್ತಿ ಹಿಡಿದು ದಿಬ್ಬದ ಬುಡದಲ್ಲಿದ್ದಳು. ಕೃಷ್ಣಮ್ಮ ಮೇಲಿನಿಂದ ಸೀರೆ ಇಳಿಬಿಟ್ಟು ಕೂಗುತ್ತಿದ್ದಳು. ಶೆಡ್ಡಿನ ತಗಡು ಮಾತ್ರ ಕೆಳಗೆ ಕೂತಿತ್ತು.

ನೀರು ಬಂದಷ್ಟೇ ಬೇಗ ಹೋಯಿತು. ತಗಡು ಎತ್ತಿದಾಗ ಭೀಮಪ್ಪ ಹೊರಸಿನ ಕೆಳಗಿದ್ದ. ಹಗ್ಗದ ಹೆಣಿಗೆಯ ಗುರುತು ಕೆನ್ನೆಯ ಮೇಲೆ ಮೂಡಿತ್ತು. ಕಾಲುವೆಯ ಅಂಚಿನಲ್ಲಿ ಸರಳು ಬಾಗಿತ್ತು, ಎರಡೂ ಗಂಟು ಭದ್ರವಾಗಿದ್ದವು.

ಸರ್ವೆಗೆ ಭಾನುಪ್ರಕಾಶ್ ಎಂಬ ಅಧಿಕಾರಿ ಬಂದ. ಕೆಟ್ಟವನಲ್ಲ, ಬೂಟು ಕೆಸರಾದರೂ ಗೊಣಗಲಿಲ್ಲ. ಕೈಯಲ್ಲಿ ಹಲಗೆಯಂಥ ಕಂಪ್ಯೂಟರು.

"ಅಮ್ಮಾ, ನಿಮ್ಮ ವಿಳಾಸ ಈ ಊರಿನದ್ದಲ್ಲವಲ್ಲ. ರೇಷನ್ ಕಾರ್ಡು, ವೋಟು, ಆಧಾರು, ಎಲ್ಲಾ ನಿಮ್ಮ ಊರಿಗೇ ಇದೆ. ಇಲ್ಲಿ ಪರಿಹಾರ ಹೇಗೆ ಕೊಡೋದು?"

"ಸತ್ತಿದ್ದು ಇಲ್ಲೇರಿ."

"ಅದು ಗೊತ್ತು. ಆದರೆ ಇಲ್ಲಿ ವಾಸ ಇದ್ದದ್ದಕ್ಕೆ ದಾಖಲೆ ಬೇಕಲ್ಲ."

ಯಮನೂರ ಊರಿಗೆ ಫೋನು ಹಚ್ಚಿ ಪಂಚಾಯಿತಿಯವನನ್ನು ಕೇಳಿದ. "ಈ ವರ್ಷ ನಮ್ಮಲ್ಲಿ ಹೊಳಿ ಬಂದಿಲ್ಲಪಾ. ಇಲ್ಲದ ಪ್ರವಾಹಕ್ಕ ಹೆಂಗ ಬರಕೊಡ್ಲಿ?" ಎಂದು ಆತ ಫೋನಿಟ್ಟ. ಬದುಕಿದ್ದಾಗ ಭೀಮಪ್ಪನನ್ನು ಎಣಿಸಿದ್ದು ಅವನು ಇಲ್ಲದ ಊರಿನಲ್ಲಿ. ಸತ್ತಾಗ ಅಲ್ಲಿಯೂ ಎಣಿಸಲಿಲ್ಲ.

ಭಾನುಪ್ರಕಾಶ್ ಸಮಾಧಾನ ಹೇಳಲೆಂದೋ ಏನೋ, ಹಲಗೆ ತಿರುಗಿಸಿ ನಕ್ಷೆ ತೋರಿಸಿದ. "ನೋಡಿ, ಅಪಾಯ ಇರೋ ಜಾಗ ಎಲ್ಲಾ ಕೆಂಪು. ನಿಮ್ಮ ಊರು ಕೆಂಪಲ್ಲಿದೆ. ಈ ಜಾಗ ಬಿಳಿ. ಇಲ್ಲಿ ಹೀಗಾಗುತ್ತೆ ಅಂತ ಯಾರೂ ಅಂದ್ಕೊಂಡಿರಲಿಲ್ಲ."

ಬಸಕ್ಕ ಬಿಳಿಯ ಮೇಲೆ ಬೆರಳಿಟ್ಟಳು. "ಕೆಂಪಿಗೆ ಅಂಜಿ ಬಿಳೀಗೆ ಬಂದಿದ್ವಿರಿ ಸಾಹೇಬ್ರ" ಅಂದಳು. ಅವನು ಹಲಗೆ ಮುಚ್ಚಿದ.

ಟಿವಿಯವರು ಬಂದಾಗ ದಿಬ್ಬ ಇಳಿದು ನಿಂತವನು ಶ್ಯಾಮಣ್ಣ. ತನ್ನ ಶೆಡ್ಡುಗಳು ಹೋದವೆಂದು ಕಣ್ಣೊರೆಸಿಕೊಂಡ. ತಿಂಗಳೊಳಗೆ ಅದೇ ಜಾಗದಲ್ಲಿ ಹೊಸ ಸಾಲು ಎದ್ದಿತು. ಈ ಸಲ ಶೀಟು ತೆಗೆದು ಸೂರಿನವರೆಗೂ ಇಟ್ಟಿಗೆ, ಸುಣ್ಣ. ಬಸಕ್ಕನಿಗೆ ಹೋಗಲು ಬೇರೆ ಕಡೆ ಇರಲಿಲ್ಲ. ಊರಿನಲ್ಲಿ ಕೆಂಪು, ಗುಡ್ಡದ ಮೇಲೆ ಬಿರುಕು, ಪೀಣ್ಯದಲ್ಲಿ ಕೆಲಸ. ಮೊದಲ ಶೆಡ್ಡಿಗೇ ಬಂದಳು. ಬಂದ ದಿನವೇ ಗ್ರಂಧಿಗೆ ಅಂಗಡಿಯಿಂದ ಕೆಮ್ಮಣ್ಣು ತಂದು, ನೀರಿನಲ್ಲಿ ಕಲಸಿ, ನೀರು ಬಂದ ಎತ್ತರಕ್ಕೆ ತನ್ನ ಗೋಡೆಗೆ ಗೆರೆ ಎಳೆದಳು. ಆಮೇಲೆ ಪಕ್ಕದ ಗೋಡೆಗೆ, ಅದರ ಪಕ್ಕದ ಗೋಡೆಗೆ, ಇಡೀ ಸಾಲಿಗೆ, ಒಳಗೂ ಹೊರಗೂ. ಎಲ್ಲ ಗೋಡೆಗೂ ಅದು ಅವಳ ಎದೆಯ ಎತ್ತರವೇ.

ಶ್ಯಾಮಣ್ಣ ಬಂದು ಸೊಂಟಕ್ಕೆ ಕೈಯಿಟ್ಟು ನಿಂತ. "ಏನಮ್ಮೋ ಇದು? ಮಾರಮ್ಮನ ಗುಡಿ ಮಾಡ್ಬುಟ್ಟಿದೀಯಲ್ಲ!"

"ನೀರು ಇಲ್ಲೀಮಟ ಬಂದಿತ್ರಿ. ನಮ್ಮ ಕಡೆ ಗೆರಿ ಹಾಕ್ತೇವಿ."

"ಬಂದಿದ್ದು ನಂಗೊತ್ತಿಲ್ವಾ? ಊರಿಗೆಲ್ಲಾ ಡಂಗೂರ ಒಡೀಬೇಕಾ? ಇದುನ್ನ ನೋಡುದ್ರೆ ಯಾವನ್ ಬತ್ತಾನೆ ಬಾಡ್ಗೆಗೆ?"

"ಬರಬಾರ್ದಂತನ ಹಾಕೀನ್ರಿ."

"ಓಹೋ! ಮತ್ತೆ ನೀನ್ಯಾಕಿದೀಯಾ ಇಲ್ಲಿ?"

ಶ್ಯಾಮಣ್ಣ ಸುಣ್ಣ ಬಳಿಸಿದ. ಮಾರನೆಯ ಬೆಳಿಗ್ಗೆ ಗೆರೆ ಮತ್ತೆ ಇತ್ತು. ಅವನು ಮತ್ತೆ ಬಳಿಸಿದ. ಹೀಗೇ ನಡೆಯಿತು. ಖಾಲಿ ಮಾಡಿಸುತ್ತೇನೆಂದು ಹೆದರಿಸಿದ. ಟಿವಿಯವರನ್ನು ಕರೆಸುತ್ತೇನೆಂದು ಯಮನೂರ ಹೆದರಿಸಿದ. ಇಬ್ಬರೂ ಸುಮ್ಮನಾದರು. ಸುಣ್ಣವೂ ಕೆಮ್ಮಣ್ಣೂ ಸುಮ್ಮನಾಗಲಿಲ್ಲ.

ಒಂದು ಬೆಳಿಗ್ಗೆ ಕೃಷ್ಣಮ್ಮ ನಲ್ಲಿಯ ಹತ್ತಿರ ಕೂತು, ಯಾರಿಗೋ ಹೇಳುವಂತೆ ಅಂದಳು: "ನಮ್ಮತ್ತೆ ಇದ್ದಾಗ ಈ ಗದ್ದೇಲಿ ಮಳೆಗಾಲಕ್ಕೆ ದನಾನೂ ಕಟ್ಟುಸ್ತಿರ್ಲಿಲ್ಲ ಕಣಮ್ಮ. ಕೋಡಿ ನೀರು ಒಡ್ಕೊಂಡೋಯ್ತದೆ ಅನ್ನೋರು."

ಬಸಕ್ಕ ಬಿಂದಿಗೆ ಕೆಳಗಿಟ್ಟಳು. "ಮತ್ತ ನಮ್ಮನ್ಯಾಕ ಕಟ್ಟಿದ್ರಿ ಅಮ್ಮಾರ?"

ಕೃಷ್ಣಮ್ಮ ನಲ್ಲಿ ನಿಲ್ಲಿಸಿ ಮೇಲೆ ಹೋದಳು. ಅವಳಾದರೂ ಆ ದಿನ ಕರೆದಿದ್ದಳು. ಬಸಕ್ಕನಿಗೆ ಅದೇ ಹೆಚ್ಚು ಉರಿಯುತ್ತಿತ್ತು.

ಮಳೆಗಾಲದ ಮುಂಚೆ ಕೊನೆಯ ಶೆಡ್ಡಿಗೆ ರಾಯಚೂರಿನ ಕಡೆಯ ಮರೆಪ್ಪ ಹೆಂಡತಿ ಕೂಸಿನೊಂದಿಗೆ ಬಂದ. ಹಿಂದಿನ ದಿನವಷ್ಟೇ ಬಳಿದ ತೆಳುಸುಣ್ಣದೊಳಗಿಂದ ಕೆಂಪು ಇಣುಕುತ್ತಿತ್ತು. "ಇದೇನಕ್ಕಾ ಗೆರಿ?" ಎಂದು ಅವನ ಹೆಂಡತಿ ಕೇಳಿದಳು. ಇಷ್ಟು ದಿನ ಗೆರೆ ಎಳೆದದ್ದು ಈ ಪ್ರಶ್ನೆಗೇ. ಬಸಕ್ಕ ಎಲ್ಲ ಹೇಳಿದಳು. ಕೋಲು, ಗಂಟು, ರೊಟ್ಟಿ, ಹೊರಸು, ತಗಡು, ಒಂದನ್ನೂ ಬಿಡಲಿಲ್ಲ. ಹೆಂಡತಿ ಗಂಡನ ಮುಖ ನೋಡಿದಳು.

ಮರೆಪ್ಪ ಗೆರೆಯ ಮೇಲೆ ಬೆರಳಾಡಿಸಿ ಕೇಳಿದ: "ಗೆರಿ ಮ್ಯಾಲಿನ ಖೋಲಿ ಎಲ್ಲೈತ್ರಿ ಅಕ್ಕಾ?"

ಬಸಕ್ಕ ದಿಬ್ಬ ತೋರಿಸಿದಳು.

"ಅಲ್ಲಿ ಬಾಡಗಿ ಕೇಳೇ ಇಳದು ಬಂದೀವ್ರಿ" ಎಂದು ಅವನು ನಕ್ಕು, ಗಂಟು ಒಳಗೆ ಹಾಕಿದ.

ಕೂಸಿನ ಜೋಲಿ ಕಟ್ಟಲು ಅಡ್ಡಕ್ಕೆ ಗಟ್ಟಿ ಸರಳು ಬೇಕಿತ್ತು. ಬಸಕ್ಕ ಕಾಲುವೆಯಿಂದ ಕಿತ್ತು ತನ್ನ ಶೆಡ್ಡಿನ ಮೂಲೆಗೆ ಎಸೆದಿದ್ದ ಸರಳು ತಂದಳು. ಗಂಟುಗಳು ಬಿಚ್ಚಲಿಲ್ಲ, ಈಳಿಗೆಯಿಂದ ಕೊಯ್ದಳು. ಮರೆಪ್ಪ ಕಲ್ಲಿನಿಂದ ಬಡಿದು ಬಾಗು ತೆಗೆದು, ಎರಡು ಗೋಡೆಯ ನೆತ್ತಿಗೆ ಅಡ್ಡ ಇಟ್ಟು, ಸೀರೆಯ ಜೋಲಿ ಕಟ್ಟಿದ. ಜೋಲಿಯ ತಳ ಗೆರೆಗಿಂತ ಕೆಳಗೆ ಇಳಿಯಿತು.

"ಮ್ಯಾಲೆ ಕಟ್ಟಪಾ" ಅಂದಳು ಬಸಕ್ಕ.

ಅವನು ಮೇಲೆ ಕಟ್ಟಿದ. ಕೂಸು ತಗಡಿಗೆ ಮೂಗು ತಾಗುವಂತೆ ಮಲಗಿತು, ಕಾದ ತಗಡಿನ ಕಾವಿಗೆ ಕಿಟಾರನೆ ಕಿರುಚಿತು. "ಬೇಯ್ತೈತ್ರಿ ಅಕ್ಕಾ ಕೂಸು" ಎಂದು ತಾಯಿ ಜೋಲಿಯನ್ನು ಮತ್ತೆ ಕೆಳಗಿಳಿಸಿದಳು. ಕೂಸು ಅಲ್ಲಿ ಸುಮ್ಮನಾಗಿ ನಿದ್ದೆ ಹೋಯಿತು.

ಬಸಕ್ಕ ಹೊಸ್ತಿಲು ದಾಟಿದವಳು ತಿರುಗಿ ನಿಂತಳು.

"ಮೋಡ ಕಂಡ್ರ ಕೂಸು ಎತಿಗೊಂಡು ದಿಬ್ಬಕ್ಕ ಓಡು" ಅಂದಳು. "ಅವರು ಬೈದ್ರ ಬೈಲಿ, ಉಗುಳಿದ್ರ ಉಗುಳ್ಲಿ. ನನ್ನ ಕೇಳಾಕ ಬರಬ್ಯಾಡ."